ಕೊಡೆಮಾಮನ ಸಮುದ್ರವಿಹಾರ

ತೊಂದರೆ ಶುರುವಾದದ್ದು ಹಡಗಿನ ಧ್ವನಿವರ್ಧಕದಿಂದ. ಬೆಳಗಿನ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದು ತನ್ನ ಮೇಲೆ ಚೆಲ್ಲುತ್ತದೋ ತಾನೇ ಅದರ ಮೇಲೆ ಬೀಳುತ್ತೇನೋ ಎಂದು ಕೊಡೆಮಾಮ ಯೋಚಿಸುತ್ತಿದ್ದಾಗ ಕ್ಯಾಪ್ಟನ್ನನ ದನಿ ಕೇಳಿಸಿತು.

"ಮಾನ್ಯ ಪ್ರಯಾಣಿಕರೇ, ದಕ್ಷಿಣದ ದ್ವೀಪಗಳ ಕಡೆ ಚಂಡಮಾರುತ ಎದ್ದಿದೆ. ನಿಮ್ಮ ಸುರಕ್ಷತೆಗಾಗಿ ಹಡಗನ್ನು ಉತ್ತರಕ್ಕೆ ತಿರುಗಿಸಿದ್ದೇವೆ. ದ್ವೀಪಗಳ ಬದಲು ಇವತ್ತು ಒಂದು ಅಪರೂಪದ ಪುಟ್ಟ ಬಂದರಿನಲ್ಲಿ ನಿಲ್ಲುತ್ತೇವೆ. ಪ್ರವಾಸಿಗಳು ಯಾರೂ ಇನ್ನೂ ಕೆಡಿಸದ ಊರು."

ಕೊಡೆಮಾಮ ದುಂಡು ಕಿಟಕಿಗೆ ಮೂಗು ಒತ್ತಿ ನೋಡಿದ. ಮೊದಲು ಮಂಜುಗಡ್ಡೆ ಕಾರ್ಖಾನೆಯ ಚಿಮಣಿ ಕಂಡಿತು. ಆಮೇಲೆ ಒಂದು ಕಡೆಗೆ ತುಸು ವಾಲಿದ ದೀಪಸ್ತಂಭ. ಅದರ ಹಿಂದೆ ನೀಲಿ ಬಣ್ಣ ಬಳಿದ ತಗಡಿನ ಮಾಡು. ಆ ಬಣ್ಣ ಬಳಿದವನು ಅವನೇ. ಅದರ ಕೆಳಗಿದ್ದದ್ದು ಅವನದೇ ಅಂಗಡಿ.

"ಲೇ, ಇದು ನಮ್ಮೂರು ಕಣೇ," ಎಂದ.

ಹೆಂಡತಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ, "ಯಾವ ನಮ್ಮೂರು?" ಎಂದಳು.

"ನಮಗೆ ಇರೋದೇ ಒಂದು. ಬಸ್ಸಲ್ಲಿ ಇಡೀ ದಿನ ಕೂತು, ಸೊಂಟ ಮುರ್ಕೊಂಡು ದೊಡ್ಡ ಬಂದರಿಗೆ ಹೋಗಿ ಹಡಗು ಹತ್ತಿದ್ವಿ. ಈ ಪುಣ್ಯಾತ್ಮ ನಮ್ಮನ್ನ ತಂದು ನಮ್ಮ ಬಾಗಿಲಿಗೇ ನಿಲ್ಲಿಸ್ತಾ ಇದ್ದಾನೆ."

ಕೊಡೆಮಾಮನ ಕಸುಬು ಕೊಡೆ ರಿಪೇರಿ. ಊರಿನ ಕೊಡೆಗಳ ಮೂಳೆ ಮುರಿದರೂ ಬಟ್ಟೆ ಹರಿದರೂ ಅವನ ಕೈಗೇ ಬರಬೇಕು. ಮುಖ ನೋಡಿ ಗುರುತಿಸದವರನ್ನೂ ಅವನು ಕೊಡೆಯ ಹಿಡಿ ನೋಡಿ ಗುರುತಿಸುತ್ತಿದ್ದ. ಈಚೆಗೆ ಜನ ಮುರಿದ ಕೊಡೆಯನ್ನು ಎಸೆದು ಹೊಸತು ಕೊಳ್ಳುವುದನ್ನು ಕಲಿತಿದ್ದರಿಂದ ಕೆಲಸ ಕಡಿಮೆಯಾಗಿತ್ತು. ಆದರೆ ಹಡಗು ಹತ್ತಿದ್ದು ಬಿಡುವಿದೆ ಎಂದಲ್ಲ. ಕೊಟ್ಟ ಮಾತು ಒಂದಿತ್ತು.

ಮದುವೆಗೆ ಮುಂಚೆ ಇಬ್ಬರೂ ಸಂಜೆ ಬಂದರಿನ ಮೆಟ್ಟಿಲ ಮೇಲೆ ಹುರಿದ ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದರು. ಒಂದು ಸಂಜೆ ದೂರದಲ್ಲಿ ದೀಪ ಹಚ್ಚಿಕೊಂಡ ಬಿಳಿ ಹಡಗೊಂದು ಹೋಯಿತು. "ಒಂದಿನ ನಿನ್ನ ಅದರಲ್ಲಿ ಕರ್ಕೊಂಡು ಹೋಗ್ತೀನಿ," ಎಂದು ಇವನು ಅಂದ. ಅವಳು "ಹೂಂ" ಎಂದಳು. ಆ ಹೂಂಕಾರವನ್ನು ಅವನು ಇಷ್ಟು ಕಾಲ ಎದೆಯಲ್ಲಿ ಇಟ್ಟುಕೊಂಡಿದ್ದ. ಪಾಪ, ಎಷ್ಟು ಆಸೆಯಿಂದ ಅಂದಳೋ, ಬಾಯಿ ಬಿಟ್ಟು ಮತ್ತೆ ಕೇಳಲೂ ಇಲ್ಲವಲ್ಲ ಎಂದು ಪ್ರತಿ ಮಳೆಗಾಲ ಕೊರಗುತ್ತಿದ್ದ. ಅಂತೂ ಈ ವರ್ಷ ಅಂಗಡಿಗೆ ಬೀಗ ಹಾಕಿ ಹೊರಟೇಬಿಟ್ಟ.

ಹಡಗು ಹತ್ತಿದ ಗಳಿಗೆಯಿಂದ ಅವನ ಹೊಟ್ಟೆ ಒಂದು ಕಡೆ, ಅವನು ಒಂದು ಕಡೆ ಆಗಿದ್ದರು. ಊಟದ ಕೋಣೆಯ ವಾಸನೆ ಬಂದರೆ ಸಾಕು, ಕರವಸ್ತ್ರ ಬಾಯಿಗೆ ಒತ್ತಿಕೊಂಡು ಓಡುತ್ತಿದ್ದ. ಆದರೂ ಹೆಂಡತಿಯ ಮುಂದೆ ಬಂದಾಗ ಮುಖದಲ್ಲಿ ನಗು. ಅವಳೋ ಕೋಣೆಯ ಪರದೆ ಎಳೆದುಕೊಂಡು, ಕಣ್ಣು ಮುಚ್ಚಿ ಮಲಗಿಯೇ ಇದ್ದಳು. ಇಷ್ಟು ವರ್ಷದ ಆಸೆ ಕೈಗೂಡಿದ ನೆಮ್ಮದಿ, ಹೀಗೇ ಇರಲಿ ಎಂದುಕೊಂಡು ಅವನು ಮತ್ತೊಮ್ಮೆ ಬಚ್ಚಲಿಗೆ ಓಡುತ್ತಿದ್ದ.

"ಇಳಿದು ನೋಡ್ಕೊಂಡು ಬರೋಣ್ವಾ?" ಎಂದು ಕೇಳಿದ. ಗಟ್ಟಿ ನೆಲದ ಮೇಲೆ ಒಂದು ಸಲ ಕಾಲಿಟ್ಟರೆ ಸಾಕಾಗಿತ್ತು.

"ನೀವು ಹೋಗಿ ಬನ್ನಿ. ನಾನು ಇಳಿದ್ರೆ ಮತ್ತೆ ಹತ್ತೋಕೆ ಕೈಲಾಗಲ್ಲ."

ಹಡಗನ್ನು ಒಂದು ಗಳಿಗೆಯೂ ಬಿಟ್ಟಿರಲು ಅವಳಿಗೆ ಮನಸ್ಸಿಲ್ಲ ಎಂದು ಅವನು ಅರ್ಥ ಮಾಡಿಕೊಂಡ.

ಹವಾಮಾನ ಸರಿಯಿಲ್ಲದ್ದರಿಂದ ಯಾರೂ ಒಬ್ಬೊಬ್ಬರೇ ತಿರುಗುವಂತಿಲ್ಲ, ಎಲ್ಲರೂ ಗೈಡಿನ ಹಿಂದೆಯೇ ಹೋಗಬೇಕು, ಸೈರನ್ ಆದ ಕೂಡಲೇ ಹಡಗಿಗೆ ಮರಳಬೇಕು ಎಂದು ಆಜ್ಞೆಯಾಯಿತು. ಎಲ್ಲರ ತಲೆಗೂ ಒಂದೊಂದು ಹಳದಿ ಟೋಪಿ ಹಾಕಿದರು. ಕೊಡೆಮಾಮ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕಪ್ಪು ಕನ್ನಡಕ ಏರಿಸಿದ. ಹೋಗುವಾಗ ಇಡೀ ಬೀದಿ ಬಸ್‌ಸ್ಟಾಂಡಿಗೆ ಬಂದು ಬೀಳ್ಕೊಟ್ಟಿತ್ತು. ದ್ವೀಪಗಳ ಕಥೆ ತಂದು ಹೇಳುತ್ತೇನೆಂದು ಇವನೂ ಎದೆಯುಬ್ಬಿಸಿದ್ದ. ಈಗ ಮಂಜುಗಡ್ಡೆ ಕಾರ್ಖಾನೆಯ ಕಥೆ ಹೇಳಿದರೆ ಯಾರು ಕೇಳುತ್ತಾರೆ?

ಕೆಳಗಿಳಿದು ನೋಡಿದರೆ ಗೈಡು ಬೇರೆ ಯಾರೂ ಅಲ್ಲ, ಅವರ ಬೀದಿಯ ನಿವೃತ್ತ ಪೋಸ್ಟ್‌ಮನ್. ಹಡಗು ಹೇಳದೆ ಕೇಳದೆ ಬಂದದ್ದರಿಂದ ಬಂದರಿನವರು ಕೈಗೆ ಸಿಕ್ಕಿದವನನ್ನು ಹಿಡಿದು ಬಾವುಟ ಕೊಟ್ಟಿದ್ದರು. ಮನೆ ಮನೆಗೆ ಪತ್ರ ಕೊಟ್ಟು ಪಳಗಿದವನು ಈಗ ಮನೆ ಮನೆಗೆ ಒಂದೊಂದು ಇತಿಹಾಸ ಕೊಡುತ್ತ ಹೊರಟ.

"ಈ ಬೇಕರಿ ಒಲೆ ನೋಡಿ. ರಾಜರ ಕಾಲದ್ದು. ಇದರ ಬೆಂಕಿ ಇವತ್ತಿನವರೆಗೂ ಆರಿಲ್ಲ."

ಅದು ಸೆಕೆಂಡ್ ಹ್ಯಾಂಡ್ ಒಲೆ ಎಂಬುದೂ, ತಿಂಗಳಿಗೊಮ್ಮೆ ಆರಿ ಬೇಕರಿಯವನು ಬೀದಿಗೆ ಬಂದು ಬಯ್ಯುತ್ತಿದ್ದುದೂ ಕೊಡೆಮಾಮನಿಗೆ ಗೊತ್ತಿತ್ತು. ಪ್ರವಾಸಿಗಳು ಮಾತ್ರ ಫೋಟೋ ತೆಗೆದರು. ಅನುಮಾನ ಬರಬಾರದೆಂದು ಅವನೂ ಫೋನ್ ಎತ್ತಿ ಒಂದು ತೆಗೆದ.

ಬಂದರಿನ ಮೆಟ್ಟಿಲ ಹತ್ತಿರ ಪೋಸ್ಟ್‌ಮನ್ ಒಂದು ಗಳಿಗೆ ನಿಂತ. ಇಲ್ಲಿ ಅವನು ಸುಳ್ಳು ಹೇಳಲಿಲ್ಲ. "ಮುಂಚೆ ಸಾಯಂಕಾಲ ಇಲ್ಲಿ ಜೋಡಿಗಳು ಕೂರೋರು. ನಾನು ಕೊನೇ ಟಪಾಲು ಮುಗಿಸ್ಕೊಂಡು ಹೋಗ್ವಾಗ ಎಲ್ರೂ ಮುಖ ಆ ಕಡೆ ತಿರುಗಿಸ್ಕೊಳ್ಳೋರು. ಈಗ ಯಾರೂ ಬರಲ್ಲ, ಬರೀ ಪಾಚಿ."

ಕೊಡೆಮಾಮ ಆ ಪಾಚಿಯನ್ನೇ ನೋಡುತ್ತ ನಿಂತ. ದಿನಾ ಅಂಗಡಿಗೆ ಹೋಗುವಾಗ ಇದೇ ಮೆಟ್ಟಿಲನ್ನು ದಾಟುತ್ತಿದ್ದ. ಒಂದು ದಿನವಾದರೂ ನಿಂತು ನೋಡಿರಲಿಲ್ಲ. ಈಗ ಟೋಪಿ ಹಾಕಿಕೊಂಡು ಪರದೇಶಿಯ ಹಾಗೆ ನಿಂತಾಗ, ಕಡಲೆಕಾಯಿ ಸಿಪ್ಪೆಯನ್ನು ಅವಳು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದುದು ನೆನಪಾಯಿತು. ಒಂದನ್ನೂ ನೀರಿಗೆ ಎಸೆಯುತ್ತಿರಲಿಲ್ಲ. ನೀರಿನ ಹತ್ತಿರದ ಮೆಟ್ಟಿಲಿಗೆ ಕರೆದರೂ ಬರುತ್ತಿರಲಿಲ್ಲ. ನಾಚಿಕೆ ಎಂದು ಅವನು ಆಗ ತಿಳಿದಿದ್ದ.

ಗುಂಪು ಅವನ ಅಂಗಡಿಯಿದ್ದ ಬೀದಿಗೆ ತಿರುಗಿತು. ನೋಡಿದರೆ ಅಂಗಡಿಯ ಮುಂದೆ ಜನ ಸೇರಿದ್ದಾರೆ. ಬೇಕರಿಯವನು ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ಹೆಂಡತಿಯ ತಂಗಿ ಬಾಗಿಲಿಗೆ ಒರಗಿ ಅಳುತ್ತಿದ್ದಾಳೆ. ಚಂಡಮಾರುತ ದಕ್ಷಿಣದ ದ್ವೀಪಗಳಿಗೆ ಬಡಿದಿದೆ ಎಂದು ರೇಡಿಯೋ ಬೆಳಗಿನಿಂದ ಒದರುತ್ತಿತ್ತು. ಕೊಡೆಮಾಮ ಹೋದದ್ದು ಆ ಕಡೆಗೇ ಎಂದು ಬೀದಿಗೆಲ್ಲ ಗೊತ್ತಿತ್ತು. ಹಡಗು ದಾರಿ ಬದಲಿಸುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ನೋಡಿದಾಗ ಸಿಗ್ನಲ್ ಸಿಕ್ಕಿರಲಿಲ್ಲ.

ಪೋಸ್ಟ್‌ಮನ್ ಪ್ರವಾಸಿಗಳ ಕಡೆ ತಿರುಗಿ ದನಿ ತಗ್ಗಿಸಿದ. "ಇದು ಕೊಡೆಮಾಮನ ಅಂಗಡಿ. ಒಳ್ಳೇ ಮನುಷ್ಯ. ಪಾಪ, ಈಗ ಬಿರುಗಾಳೀಲಿ ಸಿಕ್ಕಿಹಾಕ್ಕೊಂಡಿದ್ದಾನೆ." ಎಲ್ಲರೂ ಟೋಪಿ ತೆಗೆದರು. ಕೊಡೆಮಾಮನೊಬ್ಬನೇ ತೆಗೆಯಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಅವನನ್ನು ಇವನೆಂಥ ಮನುಷ್ಯ ಎನ್ನುವ ಹಾಗೆ ನೋಡಿದಳು.

"ಮಳೆ ಬಿಟ್ಟ ಸಂಜೆ ರಿಪೇರಿ ಆದ ಕೊಡೆಗಳನ್ನೆಲ್ಲ ಬಿಚ್ಚಿ ಬೀದೀಲಿ ಒಣಗಿಸೋನು," ಎಂದ ಬೇಕರಿಯವನು. "ಈ ತುದಿಯಿಂದ ಆ ತುದಿವರೆಗೂ ಕೊಡೆ. ಸೈಕಲ್ ಇಳಿದು ತಳ್ಕೊಂಡು ಹೋಗ್ಬೇಕಿತ್ತು. ಆಗ ಎಷ್ಟು ಬೈದಿದ್ದೀನಿ ಅವನಿಗೆ. ಈಗ ಆ ಬೀದಿ ಮತ್ತೆ ಕಂಡ್ರೆ ಸಾಕು ಅನ್ಸುತ್ತೆ." ಅಂಗಡಿಯ ಬೀಗದ ಕಡೆ ನೋಡಿ ಸೇರಿಸಿದ, "ನನ್ನ ಕೊಡೇನೂ ಒಳಗೇ ಇದೆ."

ಕೊಡೆಮಾಮನ ಕಣ್ಣು ತುಂಬಿತು. ಬದುಕಿರುವಾಗಲೇ ಇಂಥ ಮಾತು ಕೇಳುವ ಭಾಗ್ಯ ಎಷ್ಟು ಜನಕ್ಕಿದೆ ಎಂದುಕೊಂಡು, ಇನ್ನೂ ಸ್ವಲ್ಪ ಕೇಳೋಣವೆಂದು ಹತ್ತಿರ ಸರಿದ.

ಆಗ ನಾದಿನಿ ಮೂಗು ಒರೆಸಿಕೊಂಡು ಶುರು ಮಾಡಿದಳು. "ನನ್ನಕ್ಕನಿಗೆ ನೀರು ಅಂದ್ರೆ ಜೀವಭಯ. ಬಾವಿ ಕಟ್ಟೆ ಹತ್ರಾನೂ ಹೋದೋಳಲ್ಲ. ಭಾವನಿಗೆ ಹಡಗಿನ ಹುಚ್ಚು, ಮದುವೆಗೆ ಮುಂಚಿಂದ. ಅಷ್ಟು ಆಸೆಯಿಂದ ಹೇಳ್ತಾರೆ, ಬೇಡ ಅನ್ನೋದು ಹೇಗೆ ಅಂತ ಆವತ್ತು ಹೂಂ ಅಂದ್ಲಂತೆ. ಹೊರಡೋ ಹಿಂದಿನ ದಿನ ನನ್ನ ಕೈ ಹಿಡ್ಕೊಂಡು ಅತ್ತು, ಅವರಿಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ಲು."

"ನನಗೆಲ್ಲಿತ್ತೇ ಹುಚ್ಚು," ಎಂದುಬಿಟ್ಟ ಕೊಡೆಮಾಮ. "ಏನು ಮಾತಾಡ್ಬೇಕು ಅಂತ ತಿಳೀದೆ ಅಂದಿದ್ದು ಅದು."

ಬೀದಿಯ ತಲೆಗಳೆಲ್ಲ ಆ ದನಿಯ ಕಡೆ ತಿರುಗಿದವು. ಬೇಕರಿಯವನು ಎದ್ದು ಬಂದು ಅವನ ಕನ್ನಡಕ ಕಿತ್ತ. ಆಮೇಲೆ ಗದ್ದಲವೋ ಗದ್ದಲ. ಯಾರೋ ತಬ್ಬಿಕೊಂಡರು, ಯಾರೋ ಕಂಬಳಿ ತಂದು ಹೊದಿಸಿದರು, ಯಾರೋ ಹೊಟ್ಟೆ ಒತ್ತಿ ನೀರು ಕುಡಿದಿದ್ದಾನೋ ಎಂದು ನೋಡಿದರು.

"ಈಜ್ಕೊಂಡು ಬಂದ್ಯೇನಪ್ಪಾ?" ಎಂದ ಪೋಸ್ಟ್‌ಮನ್.

"ಹಡಗಲ್ಲೇ ಬಂದೆ. ನಿನ್ನ ಹಿಂದೇನೇ ಬೆಳಗಿನಿಂದ ನಡೀತಾ ಇದ್ದೀನಿ."

"ಅಕ್ಕ ಎಲ್ಲಿ ಭಾವ?" ಎಂದಳು ನಾದಿನಿ.

"ಅವಳು ಹಡಗಲ್ಲೇ ಇದ್ದಾಳೆ."

ಅಷ್ಟೇ, ಬೀದಿಯ ಮುಖ ಬದಲಾಯಿತು. ಹೊದಿಸಿದ ಕಂಬಳಿಯನ್ನು ಯಾರೋ ಹಿಂದಕ್ಕೆ ಎಳೆದರು. "ಹೆಂಡ್ತೀನ ಬಿರುಗಾಳೀಲಿ ಬಿಟ್ಟು ನೀನೊಬ್ನೇ ಬಚಾವಾಗಿ ಬಂದ್ಯಾ?" ಎಂದ ಬೇಕರಿಯವನು. ಇವನ ಬಗ್ಗೆ ಈಗಷ್ಟೇ ಆಡಿದ ಒಳ್ಳೆಯ ಮಾತುಗಳನ್ನೆಲ್ಲ ವಾಪಸ್ ತೆಗೆದುಕೊಂಡವನ ಹಾಗಿತ್ತು ಅವನ ಮುಖ. ಹಡಗು ನಮ್ಮ ಬಂದರಿನಲ್ಲೇ ನಿಂತಿದೆ ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ನಾದಿನಿ ಅಕ್ಕನಿಗೆ ಫೋನ್ ಹಚ್ಚಿದಳು. ಗಂಡ ಹೆಂಡತಿಗೆ ಇದ್ದದ್ದು ಒಂದೇ ಫೋನು. ಅದು ಕೊಡೆಮಾಮನ ಜೇಬಿನಲ್ಲಿ ರಿಂಗಾಯಿತು. "ಅಯ್ಯೋ, ಫೋನನ್ನೂ ಕಿತ್ಕೊಂಡು ಬಂದಿದ್ದಾನೆ," ಎಂದಿತು ಗುಂಪು.

ಅಷ್ಟರಲ್ಲಿ ಸೈರನ್ ಕೂಗಿತು. ಚಂಡಮಾರುತ ಮನಸ್ಸು ಬದಲಿಸಿ ಈ ಕಡೆಗೇ ತಿರುಗಿದೆ, ಬಂದರು ಮುಚ್ಚುತ್ತಿದ್ದೇವೆ, ಹಡಗು ಈಗಲೇ ಹೊರಡುತ್ತದೆ ಎಂದು ಬಂದರಿನ ಮೈಕು ಕೂಗಿ ಹೇಳಿತು. ಹಳದಿ ಟೋಪಿಗಳೆಲ್ಲ ಓಡತೊಡಗಿದವು.

ಕೊಡೆಮಾಮನ ತಲೆಯಲ್ಲಿ ಒಂದೇ ಮಾತು. ಅವಳು ಹೆದರಿ ಕಣ್ಣು ಮುಚ್ಚಿ ಮಲಗಿದ್ದಾಳೆ. ನನಗೋಸ್ಕರ. ಅವಳನ್ನು ಇಳಿಸಬೇಕು. ಅವನು ಓಡಿದ. ಇಷ್ಟು ವರ್ಷ ಸ್ಟೂಲಿನ ಮೇಲೆ ಕೂತೇ ಕಳೆದ ಕಾಲುಗಳು ಅಷ್ಟು ಜೋರಾಗಿ ಓಡುತ್ತವೆ ಎಂದು ಅವನಿಗೇ ಗೊತ್ತಿರಲಿಲ್ಲ. ಹಿಂದಿನಿಂದ ಇಡೀ ಬೀದಿ ಓಡಿಬಂತು, ಅರ್ಧ ಜನ ಹಿಡಿಯಲು, ಅರ್ಧ ಜನ ನೋಡಲು. ಹಡಗಿನ ಬಾಗಿಲಿಗೆ ಹಾಕಿದ್ದ ಹಲಗೆಯನ್ನು ಎಳೆಯುತ್ತಿದ್ದವರ ಕೈಕೆಳಗೆ ನುಗ್ಗಿ ಅವನು ಒಳಗೆ ಬಿದ್ದ.

"ನಿಲ್ಸಿ, ನಮ್ಮನೆಯೋಳನ್ನ ಇಳಿಸ್ಬೇಕು," ಎಂದ.

ಯಾರು ಕೇಳಬೇಕು? ಅವನು ಮೆಟ್ಟಿಲೇರಿ ಕೋಣೆಯ ಬಾಗಿಲು ದೂಡಿದ. ಹಾಸಿಗೆ ಖಾಲಿ. ಹೊದಿಕೆಯನ್ನು ಮಡಿಸಿ ಇಡಲಾಗಿತ್ತು. ಇಬ್ಬರ ಪೆಟ್ಟಿಗೆಗಳೂ ಇರಲಿಲ್ಲ. ಕೋಣೆ ಗುಡಿಸುವವನು ಪರದೆ ಸರಿಸುತ್ತಿದ್ದ.

"ಅಮ್ಮ ಆಗ್ಲೇ ಇಳಿದ್ರಲ್ಲ ಸಾರ್, ಸಾಮಾನು ಇಳಿಸೋ ಹಿಂದಿನ ಬಾಗಿಲಿಂದ. ಸೈರನ್ ಕೇಳಿ ಎದ್ರು. ನಮ್ಮನೆಯವರು ಎರಡು ದಿನದಿಂದ ಕದ್ದು ಕದ್ದು ವಾಂತಿ ಮಾಡ್ತಿದ್ದಾರೆ, ಊರಿನ ನೆಲ ಮುಟ್ಟಿದ ಮೇಲೆ ಅವರನ್ನ ಮತ್ತೆ ಹಡಗು ಹತ್ತಿಸೋದು ಪಾಪ, ನಾನೇ ಹೋಗಿ ತಡೀತೀನಿ ಅಂದ್ರು. ಪೆಟ್ಟಿಗೆ ನಾನೇ ಹೊತ್ತು ಕೊಟ್ಟೆ."

ಕೊಡೆಮಾಮ ಮೇಲಿನ ಡೆಕ್ಕಿಗೆ ಓಡಿದ. ಹಡಗಿಗೂ ದಡಕ್ಕೂ ನಡುವೆ ಆಗಲೇ ಒಂದು ಬೀದಿಯಷ್ಟು ಅಗಲದ ನೀರು. ಆಚೆ ಬದಿಯಲ್ಲಿ ಅವನ ಹೆಂಡತಿ ಎರಡು ಪೆಟ್ಟಿಗೆಗಳ ನಡುವೆ ನಿಂತಿದ್ದಳು. ನಾದಿನಿ ಅವಳ ಕೊರಳಿಗೆ ಜೋತುಬಿದ್ದಿದ್ದಳು. ಹೆಂಡತಿ ತಂಗಿಯ ಫೋನನ್ನು ಕಿವಿಗಿಟ್ಟಳು, ಕೊಡೆಮಾಮನ ಜೇಬಿನಲ್ಲಿ ಫೋನು ರಿಂಗಾಯಿತು.

"ರೀ, ನೀವ್ಯಾಕ್ರೀ ಹತ್ತಿದ್ರಿ?"

"ನಿನ್ನ ಇಳಿಸೋಕೆ. ನೀನ್ಯಾಕೆ ಇಳಿದೆ?"

"ನೀವು ಹತ್ತದ ಹಾಗೆ ಮಾಡೋಕೆ." ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಗಾಳಿಯಲ್ಲಿ ತಿಳಿಯಲಿಲ್ಲ. "ನಂಗೂ ಬೇಡವಾಗಿತ್ತು, ನಿಮಗೂ ಬೇಡವಾಗಿತ್ತು. ಬಾಯಿ ಬಿಟ್ಟು ಒಂದು ಮಾತು ಕೇಳ್ಬಾರ್ದಿತ್ತೇನ್ರೀ?"

"ನೀನೂ ಹೇಳ್ಬಹುದಿತ್ತಲ್ವಾ," ಎಂದ. ಮುಂದೆ ಏನೋ ಹೇಳಬೇಕೆಂದಿದ್ದ. ಎಳೆಯ ವಯಸ್ಸಿನಲ್ಲಿ ಹೇಳಬೇಕಾಗಿದ್ದ, ಆಗ ಬಾಯಿಗೆ ಬಾರದೆ ಹಡಗಿನ ಮಾತಾಗಿ ಹೊರಬಿದ್ದ ಮಾತು ಅದು. ಬಾಯಿ ತೆರೆಯುವಷ್ಟರಲ್ಲಿ ಸಿಗ್ನಲ್ ಹೋಯಿತು.

ಧ್ವನಿವರ್ಧಕ ಕರಕರ ಎಂದಿತು. "ಮಾನ್ಯ ಪ್ರಯಾಣಿಕರೇ, ಒಂದು ಸಂತೋಷದ ಸುದ್ದಿ. ಚಂಡಮಾರುತ ಕರಾವಳಿಯನ್ನು ಹಾದುಹೋಗುವವರೆಗೆ ಎಲ್ಲ ಬಂದರುಗಳೂ ಮುಚ್ಚಿರುತ್ತವೆ. ಅಲ್ಲಿಯವರೆಗೂ ನಾವು ನಡುಸಮುದ್ರದಲ್ಲೇ ಸುರಕ್ಷಿತವಾಗಿ ಸುತ್ತುತ್ತಿರುತ್ತೇವೆ. ಹೆಚ್ಚಿನ ದಿನಗಳ ವಿಹಾರ ನಿಮಗೆ ಪೂರ್ತಿ ಉಚಿತ."

ಡೆಕ್ಕಿನ ತುಂಬ ಚಪ್ಪಾಳೆ ಬಿತ್ತು. ಬೀದಿಯಲ್ಲಿ ಟೋಪಿ ತೆಗೆಯದ್ದಕ್ಕೆ ದುರುಗುಟ್ಟಿದ್ದ ಆ ಹೆಂಗಸು ಅಂಚಿನ ಕಂಬಿಗೆ ಒರಗಿ ದಡದ ಕಡೆಗೆ ಕೈ ಬೀಸುತ್ತಿದ್ದಳು. "ನೋಡಿ ಎಂಥಾ ಜನ, ಗುರುತು ಪರಿಚಯ ಇಲ್ದೋರನ್ನ ಕಳಿಸೋಕೂ ಅಳ್ತಾ ನಿಂತಿದ್ದಾರೆ," ಎಂದಳು. "ಇಂಥಾ ಊರಲ್ಲಿ ಒಂದು ಮನೆ ಇದ್ದಿದ್ರೆ, ಅದನ್ನ ಬಿಟ್ಟು ಯಾರಾದ್ರೂ ಹಡಗು ಹತ್ತೋರಾ?"

ಕೊಡೆಮಾಮ ಉತ್ತರ ಹೇಳಲೆಂದು ಅವಳ ಕಡೆ ತಿರುಗಿದ. ಅಷ್ಟರಲ್ಲಿ ಮೊದಲನೆಯ ದೊಡ್ಡ ಅಲೆ ಬಂತು.