ಅಗಿದು ಕಲಿತ ಒಡಪು

ಬುದ್ಧಿಯ ವಿಷಯದಲ್ಲಿ ನನಗೆ ನನ್ನ ಮೇಲೆ ಪೂರ್ತಿ ಭರವಸೆಯಿತ್ತು. ಇರಬಾರದೇಕೆ? ತೇರಗಾಂವದ ನಮ್ಮ ಕೇರಿಯಲ್ಲಿ ಸಹಿ ಮಾಡಬಲ್ಲವರೇ ಅಪರೂಪ. ನಾನಾದರೋ ಧಾರವಾಡದ ಬಿಟ್ಟಿ ಬೋರ್ಡಿಂಗಿನಲ್ಲಿ ಉಂಡು, ಇನ್ನೊಬ್ಬರ ಪುಸ್ತಕ ಓದಿ ಬಿ.ಎ. ಪಾಸಾದವನು.

ಆದರೆ ಮದುವೆ ನಿಶ್ಚಯವಾದಾಗ ಎದೆ ಹಾರಿತು. ಹೊಸ ಹೆಂಡತಿಯೊಡನೆ ಬಂದವನನ್ನು ನಮ್ಮಲ್ಲಿ ಅಕ್ಕತಂಗಿಯರು ಹೊಸ್ತಿಲಲ್ಲಿ ತಡೆಯುತ್ತಾರೆ. ಹೆಂಡತಿಯ ಹೆಸರು ಸೇರಿಸಿ ಪ್ರಾಸದ ಎರಡು ಸಾಲಿನ ಒಡಪು ಹೇಳಿದರಷ್ಟೇ ಪ್ರವೇಶ. ನನಗೋ ನಾಲ್ಕು ಜನರೆದುರು ಬಾಯಿ ತೆರೆದರೆ ಎಲ್ಲ ಮರೆಯುವ ರೋಗ.

ಲಷ್ಕರದಲ್ಲಿ ಲಾರಿ ಓಡಿಸುತ್ತಿದ್ದ ಗೆಳೆಯ ಹುಸೇನಸಾಬ ಆಗಷ್ಟೇ ಯುದ್ಧ ಮುಗಿಸಿ ಬಂದಿದ್ದ. ಬೆಳ್ಳಿ ಕಾಗದ ಸುತ್ತಿದ ಚೂಯಿಂಗ್ ಗಮ್ ಕೊಟ್ಟ.

"ಗೋರಾ ಸಿಪಾಯಿಗೋಳು ಕಾವಲಕ್ಕ ನಿಂತಾಗ ಇದನ್ನ ಅಗೀತಾರ. ಚಿತ್ತ ಅತ್ತಿತ್ತ ಹೋಗೂದಿಲ್ಲ. ನುಂಗಬ್ಯಾಡ ಮತ್ತ."

ದವಡೆ ಆಡಿದರೆ ಮೆದುಳು ಚುರುಕಾಗುವುದು ಹೇಗೆ? ಶಾಸ್ತ್ರೀಯವಾಗಿ ಪರೀಕ್ಷಿಸಲು ದನದ ಕೊಟ್ಟಿಗೆಗೆ ಹೋದೆ. ಅಗಿಯುತ್ತ ನನ್ನ ಸ್ವಂತ ರಚನೆಯನ್ನು ಹೇಳಿದೆ:

"ತೇರಗಾಂವದ ಹೊಲದಾಗ ತೂಗತೈತಿ ಬತ್ತದ ತೆನಿ,
ಪಾರ್ವತಿ ಕಾಲಿಟ್ಟರ ಬೆಳಗತೈತಿ ನಮ್ಮ ಮನಿ."

ತಪ್ಪಿಲ್ಲ! ಗಮ್ ತೆಗೆದು ಹೇಳಿದೆ. ಎರಡನೆಯ ಸಾಲು ಮಾಯ. ಮತ್ತೆ ಬಾಯಿಗೆ ಹಾಕಿದೆ, ಸಾಲು ಮರಳಿತು. ಜಾಣತನ ಇರುವುದು ಮೆದುಳಿನಲ್ಲೋ ಹಲ್ಲಿನಲ್ಲೋ ಎಂಬ ಗಹನವಾದ ಪ್ರಶ್ನೆ ಎದ್ದಿತು.

ಹಾಲು ಹಿಂಡಲು ಬಂದ ಅಕ್ಕನಿಗೆ ಇದನ್ನು ವಿವರಿಸಿದೆ.

"ಹಂಗಾದ್ರ ನಮ್ಮ ಎಮ್ಮಿ ನಿನಗಿಂತ ಮೊದಲ ಬಿ.ಎ. ಆಗಬೇಕಿತ್ತಲ್ಲೋ ತಮ್ಮಾ" ಎಂದಳು.

ಮದುವೆ ಮುಗಿದು ಸಂಜೆ ಚಕ್ಕಡಿ ಮನೆಮುಂದೆ ನಿಂತಿತು. ಉಳಿದಿದ್ದ ಒಂದೇ ಗಮ್ ಬಾಯಿಗೆ ಹಾಕಿಕೊಂಡು ಇಳಿದೆ. ಬಿ.ಎ. ಪಾಸಾದವನ ಒಡಪು ಕೇಳಲು ಕೇರಿಯೇ ನೆರೆದಿತ್ತು. ಅಪ್ಪ ಎಲ್ಲರ ಮುಂದೆ ಮೀಸೆ ತಿರುವುತ್ತ ನಿಂತಿದ್ದ.

ಅಕ್ಕ ಆರತಿ ಹಿಡಿದು ಅಡ್ಡ ನಿಂತಳು. "ಬಾಯಾಗ ಏನೈತಿ?"

"ಏನಿಲ್ಲ."

"ಎಂಜಲ ಬಾಯೀಲೆ ಆರತಿ ಮುಂದ ನಿಲ್ತಾರೇನು? ಉಗುಳು ಅದನ್ನ."

ಅಷ್ಟು ಜನರೆದುರು ಉಗುಳಲು ನಾಚಿಕೆ. ನುಂಗಿದೆ. ಅದರ ಹಿಂದೆಯೇ ಒಡಪೂ ಇಳಿಯಿತು. ಬತ್ತದ ತೆನೆ ತೂಗಿತು. ಅಲ್ಲೇ ತೂಗುತ್ತ ಉಳಿಯಿತು. ಖಾಲಿ ದವಡೆ ಆಡಿಸಿ ನೋಡಿದೆ. ಉಪಯೋಗವಿಲ್ಲ.

"ಬರೇ ಹೆಸರರ ಹೇಳಪಾ, ಸಾಕು" ಎಂದ ಅಪ್ಪ. ಮೀಸೆಯಿಂದ ಕೈ ತೆಗೆದಿದ್ದ.

ಹೆಂಡತಿಯ ಕಡೆ ವಾಲಿ ಪಿಸುಗುಟ್ಟಿದೆ: "ನಿನ್ನ ಹೆಸರೇನು?"

ಬೆಳಗಿನಿಂದ ತಲೆ ತಗ್ಗಿಸಿದ್ದವಳು ತಲೆ ಎತ್ತಿದಳು. ನನ್ನ ಹೆಸರು ಸೇರಿಸಿ, ಕೇರಿಗೆಲ್ಲ ಕೇಳುವಂತೆ ಹೇಳಿದಳು:

"ರಾಶಿ ಪುಸ್ತಕ ಓದ್ಯಾರ, ಬಿ.ಎ. ಪಾಸಾಗ್ಯಾರ,
ಕಲ್ಲಪ್ಪನವರು ಹೆಂಡ್ತಿ ಹೆಸರ ಮರತು ಹೊರಗ ನಿಂತಾರ."

ಅಪ್ಪನೇ ಮೊದಲು ನಕ್ಕ. ಅಕ್ಕ ಆಕೆಗೆ ದಾರಿ ಬಿಟ್ಟಳು.

"ಅಕ್ಕಾರ, ಇವರದು ಹೆಂಗ?" ಎಂದು ಆಕೆ ನನ್ನತ್ತ ತೋರಿಸಿದಳು.

"ನಿನ್ನ ಟ್ರಂಕ್ ಹೊತ್ಕೊಂಡು ಬರಲಿ. ಹಮಾಲರಿಗೆ ಒಡಪು ಕೇಳೂದಿಲ್ಲ."

ಹೊತ್ತೆ. ಒಳಗೆ ಇಳಿಸಿದಾಗ ನೋಡುತ್ತೇನೆ, ಅದರ ಮುಚ್ಚಳದ ಮೇಲೆ ಆಕೆಯ ಹೆಸರು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಬಿ.ಎ. ಓದಿದವನಲ್ಲವೇ, ಒಂದು ತಪ್ಪೂ ಇಲ್ಲದೆ ಓದಿದೆ.