ನಡುಮನೆಯಲ್ಲೊಂದು ಕಡಲು

ಆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಜಾಗವಿತ್ತು. ಮಗಳಿಗೆ ಓದುವ ಕೋಣೆ, ಮಾವನವರಿಗೆ ಕಿಟಕಿ ಪಕ್ಕದ ಆರಾಮ ಕುರ್ಚಿ, ಹೆಂಡತಿಗೆ ನಡುಮನೆಯ ಉದ್ದನೆಯ ಗೋಡೆ ಮತ್ತು ಅದಕ್ಕೊರಗಿ ನಿಂತ ಹೊಲಿಗೆ ಮಷಿನ್. ಜಾಗವಿಲ್ಲದವರು ಯಜಮಾನರೊಬ್ಬರೇ. (ಯಜಮಾನರು ಎಂಬುದು ಅವರ ಕನ್ನಡಕದಂಗಡಿಯ ಕೆಲಸದವರು ಕರೆಯುವ ಹೆಸರು. ನೆಂಟರೆದುರು ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ನೆಂಟರು ಹೊರಟಾಗ ಆ ಪದವಿಯೂ ಅವರ ಜೊತೆ ಮೆಟ್ಟಿಲಿಳಿಯುತ್ತಿತ್ತು.)

ಹೀಗಿರುವಾಗ ಅಂಗಡಿಗೆ ಕಣ್ಣು ತೋರಿಸಲು ಬಂದ ಗಿರಾಕಿಯೊಬ್ಬ ತನ್ನ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಗಾಜಿನ ತೊಟ್ಟಿಯಲ್ಲಿ ಇಡೀ ಸಮುದ್ರ, ಹವಳದ ದಿಬ್ಬ, ಬಣ್ಣಬಣ್ಣದ ಮೀನು. ಅದರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತ ಮನೆಯೊಡೆಯ. ಯಜಮಾನರಿಗೆ ಮೀನಿಗಿಂತ ಮೊದಲು ಕಂಡದ್ದು ಆ ಕಾಲ ಮೇಲಿನ ಕಾಲು. ಅಂದೇ ಊಟಕ್ಕೆ ಕೂತಾಗ ವಿಷಯ ತೆಗೆದರು.

"ಮನೆಗೆ ಒಂದು ಸಮುದ್ರ ತರೋಣ ಅಂತಿದ್ದೀನಿ."

"ತನ್ನಿ," ಎಂದಳು ಹೆಂಡತಿ. "ಹಾಗೇ ಮೊಟ್ಟೆನೂ ಮುಗಿದಿದೆ."

"ತಮಾಷೆ ಅಲ್ಲ ಕಣೇ. ಆರಡಿ ಉದ್ದದ ತೊಟ್ಟಿ."

"ಆರಡಿ ಉದ್ದದ್ದು ಎಲ್ಲಿ ಇಡ್ತೀರಿ?"

ಯಜಮಾನರ ಕಣ್ಣು ನಡುಮನೆಯ ಗೋಡೆಯ ಕಡೆ ಹೋಯಿತು, ಹೆಂಡತಿಯ ಕಣ್ಣು ಅವರ ಕಣ್ಣಿನ ಹಿಂದೆಯೇ ಹೋಯಿತು. ವಾರವಿಡೀ ಮಾತುಕತೆ ನಡೆಯಿತು, ಮುರಿಯಿತು, ಮಾವನವರ ಮಧ್ಯಸ್ಥಿಕೆಯಲ್ಲಿ ಮತ್ತೆ ಕೂಡಿಕೊಂಡಿತು. ಕೊನೆಗೆ ಒಪ್ಪಂದವಾಯಿತು. ಗೋಡೆ ಸಮುದ್ರಕ್ಕೆ, ಮಷಿನ್ ಮಲಗುವ ಕೋಣೆಗೆ.

"ಆದ್ರೆ ಒಂದು ಮಾತು," ಎಂದಳು ಹೆಂಡತಿ. "ಒಂದೇ ಒಂದು ಮೀನು ಸತ್ರೂ ನನ್ನ ಮಷಿನ್ ವಾಪಸ್ ಇಲ್ಲಿಗೇ ಬರುತ್ತೆ."

"ಸಾಯೋದಕ್ಕೆ ನಾನು ಬಿಡ್ಬೇಕಲ್ಲ," ಎಂದರು ಯಜಮಾನರು.

ಸಮುದ್ರ ನಿರ್ಮಾಣ ಆರಂಭವಾಯಿತು. ವೆಲ್ಡಿಂಗಿನವನು ಕಬ್ಬಿಣದ ಸ್ಟ್ಯಾಂಡ್ ತಂದ, ಗಾಜಿನವರು ತೊಟ್ಟಿಯನ್ನು ಏದುಸಿರು ಬಿಡುತ್ತ ಹೊತ್ತು ತಂದರು, ಪಂಪು, ಪೈಪು, ನೀಲಿ ದೀಪ ಎಲ್ಲ ಬಂದವು. ಸಮುದ್ರದ ನೀರನ್ನು ತಯಾರಿಸುವ ಕಾರ್ಖಾನೆ ಬಚ್ಚಲುಮನೆಯಲ್ಲಿ ಸ್ಥಾಪನೆಯಾಯಿತು. ದೊಡ್ಡ ಡ್ರಮ್ಮಿನಲ್ಲಿ ಶುದ್ಧ ನೀರು ತುಂಬಿ, ಅಲಂಕಾರದ ಮೀನು ಮಾರುವ ಅಂಗಡಿಯ ಸಮುದ್ರದುಪ್ಪು ಸುರಿದು, ಕದಡಿ, ಅಳೆದು, ಮತ್ತೆ ಸುರಿಯುವುದು. ಈ ವಿಷಯವನ್ನು ಮಾವನವರಿಗೆ ತಿಳಿಸಲು ಎಲ್ಲರೂ ಮರೆತಿದ್ದರು. ಅರ್ಧ ಗಂಟೆ ಕಳೆದ ಮೇಲೆ ಬಚ್ಚಲಿನಿಂದ ಸೌಮ್ಯವಾದ ಧ್ವನಿ ಕೇಳಿತು.

"ಅಳಿಯಂದಿರೇ, ಎಷ್ಟು ತಿಕ್ಕಿದ್ರೂ ಸೋಪು ನೊರೆನೇ ಬರ್ತಿಲ್ಲ. ಕಣ್ಣು ಬೇರೆ ಉರೀತಿದೆ."

ಆಮೇಲೆ ಸಮುದ್ರದಿಂದ ತೆಗೆದ ಕಲ್ಲುಗಳು ಬಂದವು, ಸಣ್ಣಪುಟ್ಟ ಜೀವ ಹತ್ತಿದ ತೂತುತೂತಿನ ಕಲ್ಲುಗಳು. ಅವನ್ನು ಜೋಡಿಸಿದ್ದಾಯಿತು, ನೀರು ತುಂಬಿದ್ದಾಯಿತು, ದೀಪ ಹಾಕಿದ್ದಾಯಿತು. ಮುಂದೇನು ಎಂದು ಮನೆಯವರು ಕಾದರು. ಮುಂದೆ ಏನೂ ಇಲ್ಲ. ನೀರು ಹದಕ್ಕೆ ಬರುವವರೆಗೆ ಮೀನು ಬಿಡುವ ಹಾಗಿಲ್ಲ, ಅದಕ್ಕೆ ವಾರಗಟ್ಟಲೆ ಬೇಕು. ಯಜಮಾನರು ದಿನಾ ಸಂಜೆ ಕಾಲ ಮೇಲೆ ಕಾಲು ಹಾಕಿ ಕೂತು ಕಲ್ಲು ನೋಡಿದರು. ಪಕ್ಕದ ಮನೆಯಾಕೆ ಬಂದವಳು ತೊಟ್ಟಿಯ ಆ ತುದಿಯಿಂದ ಈ ತುದಿಯವರೆಗೆ ಬಗ್ಗಿ ಬಗ್ಗಿ ಹುಡುಕಿ, "ಮೀನೆಲ್ಲಿ?" ಎಂದು ಕೇಳಿದಳು.

"ನಮ್ಮ ಯಜಮಾನ್ರು ಸದ್ಯಕ್ಕೆ ಕಲ್ಲು ನೆನೆಹಾಕಿದ್ದಾರೆ," ಎಂದಳು ಹೆಂಡತಿ. "ಮೆತ್ತಗಾದ ಮೇಲೆ ಹೇಳ್ತೀವಿ."

ಅಂತೂ ನೀರು ಹದಕ್ಕೆ ಬಂತು. ಮೊದಲು ಪಾಚಿ ತಿನ್ನುವ ಬಸವನಹುಳುಗಳು ಬಂದವು, ನಂತರ ಹವಳದ ತುಂಡುಗಳು, ಕೊನೆಗೆ ಮೆರವಣಿಗೆಯಲ್ಲಿ ಮೀನುಗಳು. ಹಳದಿಯದು, ನೀಲಿಯದು, ಪಟ್ಟೆಯದು. ಪಕ್ಕದ ಮನೆಯಾಕೆ ಮತ್ತೆ ಬಂದು "ಅಬ್ಬಬ್ಬಾ" ಎಂದಳು. ಹೆಂಡತಿ ಕೂಡ ಸೋಫಾದ ಮೇಲೆ ಅಂಚು ಹೊಲಿಯುತ್ತ ಕೂತು ಆಗಾಗ ತಲೆಯೆತ್ತಿ ನೋಡಲು ಶುರುಮಾಡಿದಳು. ಯಜಮಾನರ ಜೀವನದಲ್ಲಿ ಅದು ಸುಖದ ಕಾಲ. ಅಂಗಡಿಯಲ್ಲಿ ಗಿರಾಕಿಗಳಿಗೆ ಫ್ರೇಮ್ ತೋರಿಸುವ ಬದಲು ಮೀನಿನ ಫೋಟೊ ತೋರಿಸುತ್ತಿದ್ದರು.

ಸುಖಕ್ಕೆ ಕಣ್ಣು ಬಿತ್ತು. ತೊಟ್ಟಿಯಿಂದ ಆಗೊಮ್ಮೆ ಈಗೊಮ್ಮೆ 'ಟಕ್' ಎಂಬ ಸದ್ದು ಬರತೊಡಗಿತು. ಯಜಮಾನರು ಪಂಪಿನ ಮೇಲೆ ಅನುಮಾನಪಟ್ಟು ಅದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. ಮತ್ತೆ ಟಕ್. ಮರುದಿನ ಬಸವನಹುಳುವಿನ ಚಿಪ್ಪು ಚೂರಾಗಿ ಬಿದ್ದಿತ್ತು. ಇನ್ನೆರಡು ದಿನಕ್ಕೆ ಪಟ್ಟೆ ಮೀನು ಕಾಣಲಿಲ್ಲ. ಆಮೇಲೆ ನೀಲಿಯದೂ ಕಾಣಲಿಲ್ಲ.

"ನೀಲಿ ಮೀನೆಲ್ರೀ?" ಎಂದು ಕೇಳಿದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ಯಜಮಾನರು ತೊಟ್ಟಿಗೆ ಅಡ್ಡವಾಗಿ ನಿಂತರು. "ಕಲ್ಲಿನ ಹಿಂದೆ ಇದೆ. ಅದಕ್ಕೆ ಸ್ವಲ್ಪ ನಾಚಿಕೆ ಜಾಸ್ತಿ."

"ಪಟ್ಟೆಯದಕ್ಕೂ ನಾಚಿಕೆನಾ?"

"ಅದು ಇದಕ್ಕೆ ಜೊತೆ."

ಹೆಂಡತಿ ಹೂಂ ಎಂದು ಹೊಲಿಗೆಗೆ ತಿರುಗಿದಳು. ಹೆಣ ಸಿಗದೆ ಸಾವೆಂದು ಹೇಳಲು ಬರುವುದಿಲ್ಲವೆಂದು ಯಜಮಾನರು ಒಪ್ಪಂದಕ್ಕೆ ತಮಗೆ ಬೇಕಾದ ಅರ್ಥ ಮಾಡಿಕೊಂಡರು. ಆದರೂ ಜೀವ ಕೈಯಲ್ಲಿ ಹಿಡಿದುಕೊಂಡು ಮೀನಿನ ಅಂಗಡಿಗೆ ಓಡಿದರು.

"ಕಲ್ಲಿನ ತೂತಲ್ಲಿ ಒಂದು ಪ್ರಾಣಿ ಕೂತ್ಕೊಂಡು ಬಂದಿರುತ್ತೆ ಸಾರ್," ಎಂದ ಅಂಗಡಿಯವನು, ತುಂಬ ಖುಷಿಯಿಂದ. "ಸೀಗಡಿ ಥರ ಇರುತ್ತೆ, ಮುಷ್ಟಿ ಕಟ್ಟಿ ಗುದ್ದುತ್ತೆ, ಆ ಟಕ್ ಸದ್ದು ಅದರದೇ. ಅದಿದ್ರೆ ಒಂದು ಮೀನೂ ಉಳಿಯಲ್ಲ. ಬಾಟಲಿ ಬೋನು ಇಟ್ಟು ಹಿಡಿದು ಬಿಸಾಕಿ."

ಯಜಮಾನರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಊರವರ ಕಣ್ಣು ತಿದ್ದುವ ಮನುಷ್ಯನಿಗೆ ಆ ಪ್ರಾಣಿಯ ಮೀಸೆಯೂ ಕಾಣಲಿಲ್ಲ. ಕೊನೆಗೆ ಒಂದು ಭಾನುವಾರ ಮನೆಯವರೆಲ್ಲ ಮದುವೆಗೆ ಹೊರಟಾಗ ಅವರು ತಲೆನೋವೆಂದು ಮಲಗಿದರು. ಬಾಗಿಲು ಹಾಕಿದ ಸದ್ದು ಕೇಳಿದ್ದೇ ಎದ್ದು, ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು ಅದನ್ನು ತಲೆಕೆಳಗಾಗಿ ಒಳಕ್ಕೆ ಸಿಕ್ಕಿಸಿ, ಸೀಗಡಿ ತುಂಡೊಂದನ್ನು ಒಳಗಿಟ್ಟು ತೊಟ್ಟಿಯಲ್ಲಿ ಇಳಿಸಿದರು. ತಾವು ಸೋಫಾದ ಹಿಂದೆ ಅಡಗಿ ಕೂತರು.

ಬಹಳ ಹೊತ್ತಾದ ಮೇಲೆ ಕಲ್ಲಿನ ತೂತಿನಿಂದ ಎರಡು ಕಣ್ಣುಗಳು ಬಂದವು. ಕಡ್ಡಿಯ ತುದಿಗೆ ಇಟ್ಟ ಕಣ್ಣುಗಳು. ಒಂದು ಸೀಗಡಿಯ ಕಡೆ ತಿರುಗಿತು, ಇನ್ನೊಂದು ತನ್ನ ಪಾಡಿಗೆ ತಾನು ತಿರುಗಿ ಸೋಫಾದ ಮೇಲಿಂದ ಇಣುಕುತ್ತಿದ್ದ ಯಜಮಾನರ ಮೇಲೆ ನಿಂತಿತು. ಆಮೇಲೆ ಅದಲುಬದಲಾದವು. ಅವರು ಅಂಗಡಿಯಲ್ಲಿ ಎಷ್ಟೋ ಕಣ್ಣು ನೋಡಿದ್ದರು. ಎಲ್ಲವೂ ಅವರು ತೋರಿಸಿದ ಅಕ್ಷರ ಓದಿದ ಕಣ್ಣುಗಳೇ. ಅವರನ್ನೇ ಕೂರಿಸಿ ಪರೀಕ್ಷೆ ಮಾಡಿದ ಕಣ್ಣು ಇದೇ ಮೊದಲು. ಹಸಿರು, ಕೆಂಪು, ನೀಲಿ ಮೈಯ ಆ ಪುಟ್ಟ ರೌಡಿ ಗತ್ತಿನಿಂದ ನಡೆದು ಬಾಟಲಿಯೊಳಗೆ ಹೋದಾಗ ಯಜಮಾನರಿಗೆ ಗೆದ್ದೆ ಎನ್ನಿಸಲೇ ಇಲ್ಲ. ಅವರಿಗೆ ಅದರ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು.

ಬಾಟಲಿಯನ್ನು ಉಪ್ಪುನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ನೆಲದ ಮೇಲೆ ಕೂತರು. ಬಿಸಾಕಿದರೆ ಗೋಡೆ ತಮ್ಮದು. ಬಿಸಾಕಲು ಕೈ ಬರುತ್ತಿಲ್ಲ. ತೊಟ್ಟಿಗೆ ವಾಪಸ್ ಬಿಟ್ಟರೆ ಉಳಿದ ಮೀನುಗಳಿಗೂ ನಾಚಿಕೆ ಶುರುವಾಗುತ್ತದೆ. ಹೀಗೆ ತೂಗುತ್ತಿರುವಾಗಲೇ ಬಾಗಿಲು ತೆರೆಯಿತು. ಮದುವೆಯಿಂದ ಎಲ್ಲರೂ ಬಂದಿದ್ದರು.

ಯಜಮಾನರು ಬಕೆಟ್ಟನ್ನು ಎದೆಗವಚಿಕೊಂಡು ಎದ್ದು ನಿಂತರು. ಬದುಕಿನಲ್ಲಿ ಅಷ್ಟು ಗಂಭೀರವಾಗಿ ಅವರು ಎಂದೂ ಮಾತಾಡಿರಲಿಲ್ಲ.

"ನೋಡೇ, ನಿನ್ನ ಹತ್ರ ಸುಳ್ಳು ಹೇಳಿದೆ. ನೀಲಿ ಮೀನು ಸತ್ತಿದೆ. ಪಟ್ಟೆಯದೂ ಸತ್ತಿದೆ. ಎಲ್ಲ ಇದೇ ತಿಂದದ್ದು. ಗೋಡೆ ನೀನೇ ತಗೋ. ಆದ್ರೆ ಇದನ್ನ ಮಾತ್ರ ನಾನು ಬಿಸಾಕಲ್ಲ, ಯಾರು ಏನೇ ಹೇಳಿ."

ಮಗಳು ಬಕೆಟ್ಟಿನೊಳಗೆ ಇಣುಕಿದಳು.

"ಅಯ್ಯೋ ಅಪ್ಪ, ಟಕ್ಕಣ್ಣನ್ನ ಯಾಕೆ ಬಾಟಲಿಗೆ ತುಂಬಿದ್ರಿ?"

"ಯಾರನ್ನ?"

"ಟಕ್ಕಣ್ಣನ್ನ," ಎಂದರು ಮಾವನವರು, ಆರಾಮ ಕುರ್ಚಿಯಲ್ಲಿ ಕೂರುತ್ತ. "ನಿಮ್ಮ ಹೆಂಡ್ತಿ ಇಟ್ಟ ಹೆಸರು. ನೀವು ಅಂಗಡಿಗೆ ಹೋದ ಮೇಲೆ ದಿನಾ ಹೊರಗೆ ಬರ್ತಾನೆ. ಇವಳು ಹೊಲಿಯೋದನ್ನ ಒಂದು ಕಣ್ಣಲ್ಲಿ ನೋಡ್ತಾನೆ, ನನ್ನನ್ನ ಇನ್ನೊಂದರಲ್ಲಿ."

"ಮೀನಿನ ತಂಟೆಗೆ ಹೋಗದೆ ಇರ್ಲಿ ಅಂತ ನಾನೇ ಸೀಗಡಿ ತಂದು ಹಾಕ್ತಿದ್ದೆ," ಎಂದಳು ಹೆಂಡತಿ. "ನಿಮಗೆ ಗೊತ್ತಾದ್ರೆ ಹಿಡಿದು ಬಿಸಾಕಿಬಿಡ್ತೀರಿ ಅಂತ ಎಲ್ರೂ ಬಾಯಿ ಮುಚ್ಕೊಂಡಿದ್ವಿ."

ಯಜಮಾನರು ಮೆಲ್ಲಗೆ ಬಕೆಟ್ಟನ್ನು ಕೆಳಗಿಟ್ಟರು. "ಹಾಗಾದ್ರೆ ಮೀನು ಸತ್ತದ್ದು ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಗೋಡೆ ಕೇಳಲಿಲ್ಲ?"

"ಪಾಪ, ನೀವು ಕಾಲ ಮೇಲೆ ಕಾಲು ಹಾಕಿ ಕೂತಿರೋದು ನೋಡಿ ಹೊಟ್ಟೆಗೆ ಹಾಕ್ಕೊಂಡಿದ್ದೆ. ಜನ್ಮದಲ್ಲಿ ಕೇಳ್ತಿರಲಿಲ್ಲ." ಹೆಂಡತಿ ಟೇಪು ತೆಗೆದು ಗೋಡೆ ಅಳೆಯತೊಡಗಿದಳು. "ಈಗ ನೀವಾಗಿ ಎಲ್ಲರ ಮುಂದೆ ಕೊಟ್ಟಿದ್ದೀರಿ. ಬೇಡ ಅಂದ್ರೆ ಚೆನ್ನಾಗಿರಲ್ಲ."

ಮರುವಾರ ಉಳಿದ ಮೀನು, ಹವಳ, ಆರಡಿ ತೊಟ್ಟಿ ಎಲ್ಲವನ್ನೂ ಮೀನಿನ ಅಂಗಡಿಯವನು ದೊಡ್ಡ ಮನಸ್ಸು ಮಾಡಿ ವಾಪಸ್ ತೆಗೆದುಕೊಂಡ. ಗೋಡೆಗೆ ಹೊಲಿಗೆ ಮಷಿನ್ ಬಂತು. ಅದರ ಪಕ್ಕದ ಮೇಜಿನ ಮೇಲೆ ಒಂದು ಪುಟ್ಟ ತೊಟ್ಟಿ, ಅದರಲ್ಲಿ ಒಂದೇ ಕಲ್ಲು, ಕಲ್ಲಿನಲ್ಲಿ ಟಕ್ಕಣ್ಣ. ನೀರು ಕದಡುವ, ಬದಲಾಯಿಸುವ ಕೆಲಸ ಯಜಮಾನರದೇ. ಟಕ್ಕಣ್ಣ ಬಾಟಲಿಯ ಅವಮಾನವನ್ನು ಮರೆಯಲಿಲ್ಲ. ಹೆಂಡತಿ ಬಂದರೆ ತೂತಿನ ಬಾಗಿಲಿಗೇ ಬಂದು ನಿಲ್ಲುತ್ತದೆ, ಮಾವನವರು ಬಂದರೆ ಮೀಸೆ ಆಡಿಸುತ್ತದೆ, ಪಕ್ಕದ ಮನೆಯಾಕೆಗೂ ದರ್ಶನ ಕೊಡುತ್ತದೆ. ಯಜಮಾನರ ಹೆಜ್ಜೆ ಸದ್ದು ಕೇಳಿದರೆ ಮಾತ್ರ ಒಳಗೆ ಸೇರಿ ತೂತಿಗೆ ಕಲ್ಲಿನ ಚೂರು ಅಡ್ಡ ಇಟ್ಟುಕೊಳ್ಳುತ್ತದೆ.

ಆ ಕಣ್ಣುಗಳನ್ನು ಇನ್ನೊಮ್ಮೆ ನೋಡದೆ ಯಜಮಾನರಿಗೆ ಊಟ ಸೇರದಾಯಿತು. ಕೊನೆಗೆ ತಮ್ಮ ಅಂಗಡಿಯಲ್ಲಿ ಮಾರಲಿಟ್ಟಿದ್ದ ಬೈನಾಕ್ಯುಲರ್ ಮನೆಗೆ ತಂದು, ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತರು. ಹೆಂಡತಿ ತೊಟ್ಟಿಯ ಮುಂದೆ ಬಗ್ಗಿ ಸೀಗಡಿ ತುಂಡು ತಿನ್ನಿಸುತ್ತಿದ್ದಳು.

"ಬಂದಿದ್ದಾನೆ ಕಣ್ರೀ," ಎಂದಳು ಪಿಸುದನಿಯಲ್ಲಿ, ತಿರುಗದೆ. "ಕಣ್ಣು ಎಷ್ಟು ಚೆನ್ನಾಗಿ ಹೊಳೀತಿದೆ. ಅಲ್ಲಿಂದ ಕಾಣ್ತಿದ್ಯಾ?"

"ನಿನ್ನ ಬೆನ್ನು ಕಾಣ್ತಿದೆ," ಎಂದರು ಯಜಮಾನರು.

"ಹಾಗಿದ್ರೆ ಸದ್ಯಕ್ಕೆ ಅದನ್ನೇ ನೋಡ್ತಿರಿ. ನಾನು ಅಲ್ಲಾಡಿದ್ರೆ ಅವನಿಗೆ ನೀವು ಕಾಣ್ತೀರಿ."