ಈ ಅಂಗಿ ಎಲ್ಲಿಗೆ ಹೋಗಿತ್ತು?

ನಮ್ಮ ಮನೆಯಲ್ಲಿ ಬಟ್ಟೆ ಒಗೆಯಲು ಹಾಕುವುದಕ್ಕೂ ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಕೊಡುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅನುಮಾನವಿದ್ದರೆ ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ಒಂದು ಬೆಳಿಗ್ಗೆ ಬನ್ನಿ. ಬರುವಾಗ ಹಾಕಿಕೊಂಡ ಬಟ್ಟೆಯ ಬಗ್ಗೆ ಮಾತ್ರ ಎಚ್ಚರವಿರಲಿ! ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ, ವಾಷಿಂಗ್ ಮೆಷಿನ್ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಒಂದೊಂದೇ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು, ಕಾಲರ್ ಮೂಸಿ, ಜೇಬು ಮಗುಚಿ, ಆಮೇಲೆ ಕೇಳುತ್ತಾರೆ:

“ಈ ಅಂಗಿ ಎಲ್ಲಿಗೆ ಹೋಗಿತ್ತು?”

ಅಂಗಿ ಹೋಗಿತ್ತಂತೆ! ನಾವಲ್ಲ! ಉತ್ತರ ಸಿಗುವ ತನಕ ಮೆಷಿನಿಗೆ ಪೌಡರ್ ಬೀಳುವುದಿಲ್ಲ.

ಮಾವನವರು ಉಡುಪಿ ಕಡೆಯವರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಕೂದಲು ಬೆಳ್ಳಗಾಗುವವರೆಗೆ ಹೋಟೆಲುಗಳಲ್ಲಿ ಅಡುಗೆ ಮಾಡಿದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದಾಗ, “ಇನ್ನು ನಾನು ಒಲೆಯ ಹತ್ತಿರ ಹೋಗುವವ ಅಲ್ಲ” ಎಂದು ಘೋಷಿಸಿದರು. ಹಾಗೇ ನಡೆದುಕೊಂಡರು ಕೂಡ. ಆದರೆ ಬೆಂಕಿಯ ಮುಂದೆ ನಿಂತು ಅಭ್ಯಾಸವಾದ ಮನುಷ್ಯ ಸುಮ್ಮನೆ ಟಿ.ವಿ. ನೋಡುತ್ತ ಕೂರಲು ಸಾಧ್ಯವೇ? ಅವರ ಕೈಗೊಂದು ಕೆಲಸ ಬೇಕಿತ್ತು. ಅದನ್ನು ಒದಗಿಸಿಕೊಟ್ಟದ್ದು ನನ್ನ ಗಂಡ, ತನಗೇ ಗೊತ್ತಿಲ್ಲದೆ.

ಹೊಸ ಮೆಷಿನ್ ಬಂದ ವಾರದಲ್ಲೇ ನನ್ನ ಗಂಡ ಉತ್ಸಾಹದಿಂದ ಪರದೆ, ಬೆಡ್‌ಶೀಟು ಎಲ್ಲ ತುಂಬಿಸಿ, ಪೌಡರನ್ನು ಡಬ್ಬದಿಂದ ನೇರವಾಗಿ ಸುರಿದರು. ಅರ್ಧ ಗಂಟೆಯಲ್ಲಿ ನೊರೆ ಮೆಷಿನ್ನಿನಿಂದ ಹೊರಟು, ಬಾತ್‌ರೂಮಿನ ಹೊಸ್ತಿಲು ದಾಟಿ, ಹಾಲ್‌ಗೆ ಬಂದು ಸೋಫಾದ ಕಾಲು ಮುಟ್ಟಿತು.

“ಎಂತ ಮಾರಾಯ, ದೋಸೆ ಹಿಟ್ಟು ಉಕ್ಕಿದ ಹಾಗೆ ಉಕ್ತಾ ಉಂಟಲ್ಲ!” ಎಂದರು ಮಾವ, ಪಂಚೆ ಎತ್ತಿ ಕಟ್ಟುತ್ತ.

“ಕೊಳೆ ಜಾಸ್ತಿ ಇತ್ತು ಅಪ್ಪ. ಅದಕ್ಕೆ ಪೌಡರ್ ಜಾಸ್ತಿ ಹಾಕಿದೆ.”

“ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ ರುಚಿ ಜಾಸ್ತಿ ಆಗ್ತದಾ? ಏಳು ಅಲ್ಲಿಂದ!”

ಅಂದಿನಿಂದ ಮೆಷಿನ್ ಅವರ ವಶವಾಯಿತು. ನಾನು ಧಾರವಾಡದ ಕಡೆಯವಳು, ಸುಲಭಕ್ಕೆ ಸುಮ್ಮನಾಗುವವಳಲ್ಲ. “ಮಾವಾರ, ಎಷ್ಟ ಹಾಕಬೇಕಂತ ಪಾಕೀಟಿನ ಮ್ಯಾಲೇ ಬರದಾರಲ್ರಿ. ಅಷ್ಟ ಹಾಕಿದ್ರ ಆತಲ್ರಿ?” ಎಂದೆ.

ಮಾವ ಕನಿಕರದಿಂದ ನನ್ನತ್ತ ನೋಡಿದರು. “ಪೌಡರ್ ಮಾರುವವ ಕಮ್ಮಿ ಹಾಕಿ ಅಂತ ಬರೀತಾನಾ ಮಗಾ?”

ಪಾಕೀಟನ್ನು ಇದ್ದಲ್ಲೇ ಇಟ್ಟೆ. ಇದಕ್ಕೆ ನಿಮ್ಮ ಬಳಿ ಉತ್ತರವಿದೆಯೇ?

ಅವರ ಲೆಕ್ಕಾಚಾರವೇ ಬೇರೆ. ಬಟ್ಟೆ ಎಷ್ಟಿದೆ ಎನ್ನುವುದು ಮುಖ್ಯವಲ್ಲ, ಅದು ಎಲ್ಲೆಲ್ಲಿ ತಿರುಗಿ ಬಂದಿದೆ ಎನ್ನುವುದು ಮುಖ್ಯ. ಏಸಿ ಮೆಟ್ರೋದಲ್ಲಿ ಹೋಗಿ ಬಂದ ಅಂಗಿಗೆ ಒಂದು ಚಿಟಿಕೆ ಸಾಕು. ಲೋಕಲ್‌ನಲ್ಲಿ ನೇತಾಡಿಕೊಂಡು ಬಂದದ್ದಾದರೆ ಒಂದು ಚಮಚ. ಆ ಲೋಕಲ್ ಕುರ್ಲಾದಲ್ಲಿ ಅರ್ಧ ಗಂಟೆ ನಿಂತಿತ್ತೆಂದರೆ ಮೇಲೊಂದಿಷ್ಟು! ಮನೆಯಲ್ಲೇ ಇದ್ದ ನನ್ನ ನೈಟಿಗೆ ಏನೂ ಇಲ್ಲ, ಬರೀ ನೀರು. ಇದರಲ್ಲಿ ಅವಮಾನವಿದೆ ಎಂದು ನನಗೆ ಹೊಳೆಯಲು ಸ್ವಲ್ಪ ಕಾಲ ಹಿಡಿಯಿತು.

ಕಾಲೇಜಿಗೆ ಹೋಗುವ ಮಗಳಿಗೆ ಈ ವಿಚಾರಣೆ ತಮಾಷೆಯಾಗಿತ್ತು, ಒಂದು ದಿನದ ಮಟ್ಟಿಗೆ ಬಿಟ್ಟು. ಅವಳ ಜೀನ್ಸ್ ಮಡಿಕೆಯನ್ನು ಮಾವ ಬಿಡಿಸಿದರು. ನೆಲದ ಮೇಲೆ ಸಣ್ಣಗೆ ಏನೋ ಉದುರಿತು.

“ಈ ಪ್ಯಾಂಟ್ ಎಲ್ಲಿಗೆ ಹೋಗಿತ್ತು?”

“ಅಜ್ಜಾ, ಕ್ಲಾಸ್ ಇತ್ತು ನಾ! ಎಕ್ಸ್‌ಟ್ರಾ ಲೆಕ್ಚರ್. ಕಿತ್‌ನಾ ಪೂಛ್‌ತೇ ಹೋ ಯಾರ್!” ಎಷ್ಟು ಕೇಳುತ್ತೀರಿ ಎಂದು ಹಿಂದಿಯಲ್ಲಿ ಸಿಡುಕಿದಳು.

“ಹೌದಾ? ಕ್ಲಾಸಿನಲ್ಲಿ ಹೊಯಿಗೆ ಉಂಟಾ?”

ಹೊಯಿಗೆ ಅಂದರೆ ಮರಳು ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು! ಜುಹೂ ಬೀಚಿನ ಕಥೆ ಹೊರಬಿದ್ದದ್ದು ಹಾಗೆ.

ಪಕ್ಕದ ಮನೆಯ ಮರಾಠಿ ಕಾಕೂ ಒಂದು ದಿನ ಬೂದು ತಿರುಗಿದ ಟವೆಲ್ ಹಿಡಿದುಕೊಂಡು ಬಂದು, ಎಷ್ಟು ಪೌಡರ್ ಹಾಕಿದರೂ ಹೀಗೇ ಎಂದು ಗೋಳು ಹೇಳಿಕೊಂಡರು. ಮಾವ ಟವೆಲನ್ನು ಬೆರಳಲ್ಲಿ ತಿಕ್ಕಿ ನೋಡಿ, “ಪೌಡರ್ ನಕೋ, ನುಸ್ತಾ ಪಾಣಿ” ಎಂದರು. ಪುಡಿ ಬೇಡ, ಬರೀ ನೀರು. ಕಾಕೂ ಅನುಮಾನದಿಂದಲೇ ಬರೀ ನೀರಿನಲ್ಲಿ ಮೆಷಿನ್ ಓಡಿಸಿದರೆ, ಗಾಜಿನ ಬಾಗಿಲ ತುಂಬ ನೊರೆ! ಇಷ್ಟು ದಿನ ಹಾಕಿದ ಪೌಡರೆಲ್ಲ ಟವೆಲಿನೊಳಗೇ ಸಂಸಾರ ಹೂಡಿತ್ತು. ಸುದ್ದಿ ಲಿಫ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಹೋಯಿತು. ಆ ತಿಂಗಳ ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿ ಸೆಕ್ರೆಟರಿ ಟ್ಯಾಂಕ್ ಸೋರಿಕೆಯ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದರೆ, ಹೆಂಗಸರೆಲ್ಲ ಹಿಂದಿನ ಸಾಲಿನಲ್ಲಿ ಮಾವನವರ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದರು.

ಅವರು ಎಂದೂ ತಪ್ಪುವುದಿಲ್ಲ ಎಂದುಕೊಳ್ಳಬೇಡಿ. ಮಗಳ ಕೆಂಪು ದುಪಟ್ಟಾದ ಪ್ರವಾಸವನ್ನು ಪೂರ್ತಿ ವಿಚಾರಿಸಿದವರು, ಅದು ಬಣ್ಣ ಬಿಡುತ್ತದೆಯೇ ಎಂದು ಮಾತ್ರ ವಿಚಾರಿಸಲಿಲ್ಲ. ಅವರ ಅಷ್ಟೂ ಬನಿಯನ್‌ಗಳು ಗುಲಾಬಿಯಾದವು. ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದರೆ, ಅವರು ಒಂದನ್ನು ತೊಟ್ಟು ಕನ್ನಡಿ ನೋಡಿ, “ಮೈಬಣ್ಣ ಸ್ವಲ್ಪ ಎದ್ದು ಕಾಣ್ತದೆ, ಅಲ್ವಾ?” ಎಂದರು.

ಹೀಗೆ ನಡೆಯುತ್ತಿದ್ದಾಗ, ಅಕ್ಟೋಬರಿನ ಸೆಕೆಯಲ್ಲಿ, ನನಗೊಂದು ವಿಚಿತ್ರ ಕಂಡಿತು. ಮಾವನವರು ನನ್ನನ್ನು ಕೇಳುತ್ತಿದ್ದರು, ಮಗಳನ್ನು ಕೇಳುತ್ತಿದ್ದರು, ತಮ್ಮ ಮಗನನ್ನು ಮಾತ್ರ ಕೇಳುತ್ತಿರಲಿಲ್ಲ. ಮಗನ ಅಂಗಿಯನ್ನು ಎತ್ತುವುದು, ನೋಡುವುದು, ತುಟಿ ಬಿಚ್ಚದೆ ಮೆಷಿನಿಗೆ ಹಾಕುವುದು. ಒಂದು ಬೆಳಿಗ್ಗೆ ಗಂಡ ಆಫೀಸಿಗೆಂದು ಹೊರಟ ಮೇಲೆ ನಾನು ಕೇಳಿಯೇಬಿಟ್ಟೆ.

“ಯಾಕ್ರಿ ಮಾವಾರ, ನಿಮ್ಮ ಮಗಗ ಏನೂ ಕೇಳೂದಿಲ್ಲಲ್ರಿ? ನಮಗಷ್ಟ ಏನ್ರಿ ಈ ತನಿಖೆ?”

ನಗಿಸೋಣವೆಂದು ಕೇಳಿದ್ದೆ. ಅವರು ನಗಲಿಲ್ಲ. ಅಂಗಿಯನ್ನು ನನ್ನ ಕೈಗೆ ಕೊಟ್ಟರು.

“ಕಾಲರ್ ನೋಡು. ಈ ಸೆಕೆಯಲ್ಲಿ ಲೋಕಲ್‌ನಲ್ಲಿ ಹೋಗಿ ಬಂದವನ ಕಾಲರ್ ಹೀಗೆ ಇರ್ತದಾ?”

ಕಾಲರ್ ಹೆಚ್ಚುಕಡಿಮೆ ಇಸ್ತ್ರಿ ಮಾಡಿಟ್ಟ ಹಾಗೇ ಇತ್ತು. ಅವರು ಪ್ಯಾಂಟಿನ ಹಿಂಭಾಗ ತೋರಿಸಿದರು. ಹಸಿರು ಬಣ್ಣದ ಸಣ್ಣ ಸಣ್ಣ ಚಕ್ಕೆಗಳು.

“ಸ್ಟೇಷನ್ ಹತ್ತಿರದ ಗಾರ್ಡನ್ ಉಂಟಲ್ಲ, ಅಲ್ಲಿಯ ಬೆಂಚಿನ ಪೇಂಟ್ ಇದು. ಅವನು ಆಫೀಸಿಗೆ ಹೋಗ್ತಾ ಇಲ್ಲ ಮಗಾ. ಚೌತಿಗೂ ಮೊದಲಿಂದ ಇರಬೇಕು, ಮುಖ ಸಣ್ಣ ಮಾಡಿಕೊಂಡಿದ್ದಾನೆ.”

ದಿನವೂ ಅದೇ ಹೊತ್ತಿಗೆ ಡಬ್ಬಿ ಹಿಡಿದು ಹೊರಡುವ ಮನುಷ್ಯ! ಫೋನ್ ಮಾಡಲು ಎದ್ದೆ.

“ಬೇಡ. ಈಗ ಕೇಳಿದರೆ ಇನ್ನೊಂದು ಸುಳ್ಳು ಹೇಳಬೇಕಾಗ್ತದೆ ಅವನಿಗೆ,” ಎಂದರು ಮಾವ. “ನನ್ನ ಊಟವನ್ನೂ ಇವತ್ತು ಒಂದು ಡಬ್ಬಿಗೆ ಹಾಕಿಕೊಡು.”

ಮಧ್ಯಾಹ್ನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಬ್ಬಿ ಹಿಡಿದು ಹೊರಟರು. ಬಿಸಿಲಲ್ಲಿ ಛತ್ರಿ ಬಿಡಿಸಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ.

ಬಿಸಿಲು ಇಳಿಯುವ ಹೊತ್ತಿಗೆ ಅಪ್ಪ ಮಗ ಒಟ್ಟಿಗೇ ಮನೆಗೆ ಬಂದರು. ನನ್ನ ಗಂಡ ನೇರವಾಗಿ ಅಡುಗೆಮನೆಗೆ ಬಂದು, ನೆಲದ ಮೇಲೆ ಕೂತು, ಎಲ್ಲವನ್ನೂ ಹೇಳಿದರು. ಕಂಪನಿಯವರು ಅವರ ವಿಭಾಗವನ್ನೇ ಮುಚ್ಚಿಬಿಟ್ಟಿದ್ದರು. ನನಗೆ ಹೇಗೆ ಹೇಳುವುದು ಎಂದು ತಿಳಿಯದೆ ದಿನ ದೂಡಿದ್ದರು. ನಾವಿಬ್ಬರೂ ಸ್ವಲ್ಪ ಅತ್ತೆವು. ಕೆಲವು ತಿಂಗಳಾದ ಮೇಲೆ ಥಾಣೆಯ ಒಂದು ಕಂಪನಿಯಲ್ಲಿ ಬೇರೆ ಕೆಲಸ ಸಿಕ್ಕಿತು, ಬದುಕು ಮತ್ತೆ ಹಳಿಗೆ ಬಂತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಗಾರ್ಡನ್ನಿನಲ್ಲಿ ಮಾವನವರು ಆಡಿದ ಮಾತು. ಅದನ್ನು ಗಂಡ ಅಂದೇ ಹೇಳಿದ್ದರು.

ಮಾವನವರು ಬಂದು ಬೆಂಚಿನಲ್ಲಿ ಪಕ್ಕಕ್ಕೆ ಕೂತರಂತೆ. ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳಲೇ ಇಲ್ಲ. “ಊಟ ಮಾಡುವ” ಎಂದು ಡಬ್ಬಿ ಬಿಚ್ಚಿದರಂತೆ. ಉಂಡು ಕೈ ತೊಳೆದ ಮೇಲೆ ಹೇಳಿದ್ದು ಇಷ್ಟು:

“ನೀನು ತೊಟ್ಟಿಲಲ್ಲಿದ್ದೆ. ನಾವು ಆಗ ಘಾಟ್ಕೋಪರಿನ ಚಾಳಿನಲ್ಲಿ ಇದ್ದದ್ದು. ನಾನು ಕೆಲಸಕ್ಕಿದ್ದ ಹೋಟೆಲ್ ಬಾಗಿಲು ಹಾಕಿತು. ನಿನ್ನ ಅಮ್ಮನಿಗೆ ಹೇಳ್ಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವ ಹಾಗೆ ಹೋಗಿ ಲೋಕಲ್‌ನಲ್ಲಿ ಸುಮ್ಮನೆ ಆಚೆ ಈಚೆ ತಿರುಗುತ್ತಿದ್ದೆ. ನನ್ನ ಅಂಗಿ ಒಗೆಯುವವಳು ಅವಳಲ್ವಾ? ಎಷ್ಟು ತಿಕ್ಕಿದರೂ ಹೋಗದ ಒಗ್ಗರಣೆ ವಾಸನೆ ಒಮ್ಮೆಲೇ ಹೋದರೆ ಅವಳಿಗೆ ಗೊತ್ತಾಗುವುದಿಲ್ವಾ? ಒಂದು ಮಾತು ಕೇಳಲಿಲ್ಲ ಅವಳು. ಒಂದು ದಿನ ಹೊರಡುವಾಗ ಕೈಯಲ್ಲಿ ಬುತ್ತಿ ಇಟ್ಟಳು. ಹೋಟೆಲಿನ ಅಡುಗೆಯವನಿಗೆ ಯಾರಾದರೂ ಮನೆಯಿಂದ ಬುತ್ತಿ ಕಟ್ತಾರಾ ಮಗಾ? ಅವಳು ಕಟ್ಟಿದಳು. ನಾನು ಏನೂ ಹೇಳದೆ ತೆಗೊಂಡು ಹೋದೆ. ದಾದರ್ ಸ್ಟೇಷನ್ನಿನಲ್ಲಿ ಕೂತು ಉಂಡೆ. ಸಂಜೆ ಖಾಲಿ ಡಬ್ಬಿ ಅವಳ ಕೈಗೆ ಕೊಟ್ಟು, ಎಲ್ಲ ಹೇಳಿದೆ.”